ಪಕ್ಕದವರ ಜೊತೆ ಮಾತಾಡತಕ್ಕದ್ದಲ್ಲ

ಹುಡುಕುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಬೆಂಗಳೂರಿನ ಉತ್ತರ ಭಾಗದಲ್ಲಿ ಯಾರೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ದಕ್ಷಿಣ ಭಾಗದ ಬಗ್ಗೆ ನನ್ನಲ್ಲಿ ಮಾಹಿತಿ ಇಲ್ಲ. ಆ ಕಡೆ ಹೋಗುವುದು ಕಡಿಮೆ.

ನನ್ನ ಹೆಸರು ಶೈಲಜಾ. ಯಲಹಂಕ ದಾಟಿದ ಮೇಲೆ ಸಿಗುವ ಒಂದು ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಲೈಬ್ರೇರಿಯನ್. "ಮೇಡಂ, ಹಳದಿ ರಟ್ಟಿನ ಪುಸ್ತಕ, ಕಿಡ್ನಿ ಬಗ್ಗೆ, ಮೊದಲನೇ ಪುಟದಲ್ಲಿ ಕಾಫಿ ಕಲೆ ಇದೆ" ಅಂದರೆ ಸಾಕು, ಎದ್ದುಹೋಗಿ ಸೀದಾ ಅದೇ ಪುಸ್ತಕ ತಂದು ಕೊಡುತ್ತಿದ್ದೆ. ಕೊಡುತ್ತಿದ್ದೆ ಅಂದೆ, ಗಮನಿಸಿ. ಈಗ ಯಾರೂ ಕೇಳುವುದಿಲ್ಲ. ಎಲ್ಲರ ಪುಸ್ತಕವೂ ಅವರವರ ಮೊಬೈಲಿನಲ್ಲೇ ಇದೆ. ಹುಡುಗರು ಲೈಬ್ರರಿಗೆ ಬರುವುದು ಆ ಮೊಬೈಲಿಗೆ ಚಾರ್ಜ್ ಹಾಕಲಿಕ್ಕೆ. ಪ್ಲಗ್ಗಿನ ಪಕ್ಕ ಕೂತು, ಕಿವಿಗೆ ಎರಡು ಬಿಳಿ ಬೀಜ ಸಿಕ್ಕಿಸಿಕೊಂಡರೆಂದರೆ ಮುಗಿಯಿತು, ಋಷಿಗಳು! ಗೋಡೆಯ ಮೇಲೆ 'ನಿಶ್ಶಬ್ದ' ಎಂದು ನಾನೇ ಬರೆಸಿ ಹಾಕಿದ ಬೋರ್ಡಿದೆ. ಇಷ್ಟು ಚೆನ್ನಾಗಿ ಪಾಲನೆಯಾಗುತ್ತಿರುವ ಬೋರ್ಡು ಇಡೀ ರಾಜ್ಯದಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ಮನೆ ವಿದ್ಯಾರಣ್ಯಪುರದಲ್ಲಿ, ಒಂದು ಬಾಡಿಗೆ ಮನೆಯ ಮೊದಲನೇ ಮಹಡಿ. ನಾನು ಮದುವೆಯಾಗಲಿಲ್ಲ. ಅಮ್ಮನೂ ನಾನೂ ಇದ್ದೆವು. ಅಮ್ಮ ಹೋಗಿ ಎರಡು ವರ್ಷವಾಯಿತು. ಅಂದಿನಿಂದ ಮನೆಯಲ್ಲೂ ಅದೇ ಬೋರ್ಡು, ಬರೆಸದೆಯೇ ನೇತಾಡುತ್ತಿದೆ.

ಹೀಗಿರುವಾಗ ಒಂದು ದಿನ ಪ್ರಿನ್ಸಿಪಾಲರು ಕರೆಸಿದರು. ಲೈಬ್ರರಿಯ ಅರ್ಧ ಹಾಲ್ ಹೊಸ ಲ್ಯಾಬಿಗೆ ಬೇಕಾಗಿದೆ, ಓದುವವರಂತೂ ಇಲ್ಲ, ನಿಮ್ಮನ್ನು ಅಡ್ಮಿಷನ್ ಕೌಂಟರಿಗೆ ಹಾಕುವ ಬಗ್ಗೆ ಮ್ಯಾನೇಜ್‌ಮೆಂಟ್ ಯೋಚಿಸುತ್ತಿದೆ ಎಂದರು. ಗಾಜಿನಲ್ಲಿ ಒಂದು ತೂತು, ಅದರ ಹಿಂದೆ ನಾನು! "ಆಗಲಿ ಸಾರ್" ಅಂದು ಬಂದೆ. ಬಂದವಳು ಪುಸ್ತಕಗಳ ನಡುವೆ ಸುಮ್ಮನೆ ಅಡ್ಡಾಡಿದೆ. ಮಾತಾಡಿಸೋಣವೆಂದರೆ ಅವೆಲ್ಲ ಅನಾಟಮಿ.

ಮಾರನೆಯ ದಿನವೇ ದೇವರು ಡಾಕ್ಟರ್ ಹರೀಶ್ ರೂಪದಲ್ಲಿ ಬಂದರು. ಅವರು ಸಮುದಾಯ ವೈದ್ಯಕೀಯ ವಿಭಾಗದ ಮುಖ್ಯಸ್ಥರು. ಚಾರ್ಜರ್ ಇಲ್ಲದೆ ಬರಿಗೈಯಲ್ಲಿ ಬಂದಿದ್ದರು, ಅದೇ ವಿಶೇಷ.

"ಮೇಡಂ, ನಿಮಗೆ ಸಿಸ್ಟಮ್ಯಾಟಿಕ್ ರಿವ್ಯೂ ಗೊತ್ತಾ?" ಎಂದು ಕೇಳಿದರು.

"ಏನ್ ಸಾರ್ ಹೀಗೆ ಕೇಳ್ತೀರಾ! ನಮ್ಮದು ಎಲ್ಲಾ ಸಿಸ್ಟಮ್ಯಾಟಿಕ್ಕೇ. ಯಾವಾಗ ಬೇಕಾದ್ರೂ ಬಂದು ರಿವ್ಯೂ ಮಾಡ್ಕೊಳ್ಳಿ," ಎಂದು ಧೂಳು ಒರೆಸುವ ಬಟ್ಟೆ ತೆಗೆದುಕೊಂಡು ಏಣಿ ಹತ್ತಿಯೇಬಿಟ್ಟೆ.

"ಅದು ಇನ್‌ಸ್ಪೆಕ್ಷನ್ ಅಲ್ಲ ಮೇಡಂ," ಅಂದರು ಡಾಕ್ಟರು ಕೆಳಗಿನಿಂದ. "ಇಳೀರಿ, ಹೇಳ್ತೀನಿ."

ಇಳಿದೆ. ಹೇಳಿದರು. ಒಂದು ಪ್ರಶ್ನೆ ಇಟ್ಟುಕೊಳ್ಳುವುದು. ಅದರ ಮೇಲೆ ಜಗತ್ತಿನಲ್ಲಿ ಯಾರು ಯಾರು ಏನೇನು ಅಧ್ಯಯನ ಮಾಡಿದ್ದಾರೋ ಅಷ್ಟನ್ನೂ ಒಂದೂ ಬಿಡದೆ ಹುಡುಕುವುದು. ಜರಡಿ ಹಿಡಿದು ಲೆಕ್ಕಕ್ಕೆ ಬರುವುದನ್ನು ಮಾತ್ರ ಉಳಿಸಿಕೊಂಡು, ಎಲ್ಲ ಸೇರಿ ಏನು ಹೇಳುತ್ತವೆ ಎಂದು ನೋಡುವುದು. "ಆ ಹುಡುಕಾಟ ಸರಿಯಾಗಿ ಆಗ್ಬೇಕು ಅಂದ್ರೆ ಲೈಬ್ರೇರಿಯನ್ ಬೇಕೇ ಬೇಕು ಮೇಡಂ. ಯಶವಂತಪುರದ ಹತ್ರ ಮೂರು ದಿನದ ತರಬೇತಿ ಇದೆ. ನೀವು ಹೋಗಿಬಂದ್ರೆ ಅಡ್ಮಿಷನ್ ಕೌಂಟರ್ ವಿಷಯ ನಾನು ಪ್ರಿನ್ಸಿಪಾಲರ ಹತ್ರ ಮಾತಾಡ್ತೀನಿ."

ಬೇಕೇ ಬೇಕು! ಸಂಜೆ ಬಸ್ಸಿನಲ್ಲಿ ಆ ಎರಡು ಪದಗಳನ್ನು ಚಪ್ಪರಿಸುತ್ತಾ ಬಂದೆ. ನನ್ನ ಸ್ಟಾಪ್ ದಾಟಿಹೋಯಿತು.

ನಡೆದುಕೊಂಡು ವಾಪಸ್ ಬರುವಾಗ ಮನೆ ಓನರ್ ಮುನಿಯಮ್ಮ ಗೇಟಿನ ಹತ್ತಿರ ಕೂತಿದ್ದರು. ಒಂದು ಕಾಲಕ್ಕೆ ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಅವರದೇ ನಾಲ್ಕು ಕಟ್ಟಡಗಳಿವೆ. ಸಂಜೆಯಾದರೆ ಹೊಲ ಕಾಯುವಂತೆಯೇ ಗೇಟು ಕಾಯುತ್ತಾರೆ. ವಿಷಯ ಹೇಳಿದೆ.

"ಮೂರ್ ದಿನ ಟ್ರೈನಿಂಗಾ? ಅದೇನ್ ಉಡ್ಕಕ್ಕೆ ಶೈಲಮ್ಮ, ಈ ವಯಸ್ನಾಗೆ?"

"ಆರೋಗ್ಯದ ಸಂಶೋಧನೆ ಹುಡುಕೋದಮ್ಮ. ಬೇರೆ ಬೇರೆ ಕಾಲೇಜಿಂದ ಲೈಬ್ರೇರಿಯನ್‌ಗಳು ಬರ್ತಾರೆ. ಎಲ್ಲಾ ನನ್ನ ಥರದವರೇ."

"ನಿನ್ ಥರದವ್ರು ಇನ್ನೂ ಅವ್ರಾ?" ಮುನಿಯಮ್ಮ ನಿಜವಾಗಿಯೂ ಆಶ್ಚರ್ಯಪಟ್ಟರು.

ಇದ್ದರು! ಅದೇ ನನ್ನ ಸಂಭ್ರಮ. ಮೂರು ದಿನ, ಬೆಳಿಗ್ಗೆಯಿಂದ ಸಂಜೆವರೆಗೆ, ಮಾತಾಡಲಿಕ್ಕೆ ಜನ! ಅದೇ ಉತ್ಸಾಹದಲ್ಲಿ ನಿಪ್ಪಟ್ಟು ಮಾಡಲು ಕೂತೆ. ಅಮ್ಮ ಹೋದ ಮೇಲೆ ನನಗೆ ಅಡುಗೆಯ ಅಳತೆ ತಪ್ಪಿದೆ. ಒಬ್ಬಳಿಗೆ ಎಂದು ಹಾಕಿದ ಅಕ್ಕಿ ಮೂವರಿಗಾಗುತ್ತದೆ. ಹಾಗಿದ್ದಮೇಲೆ ತರಬೇತಿಗೆಂದು ಕಲಸಿದ ಹಿಟ್ಟು ಎಷ್ಟಾಗಬೇಕು? ದೊಡ್ಡ ಡಬ್ಬಿ ತುಂಬಿತು, ಸಣ್ಣ ಡಬ್ಬಿ ತುಂಬಿತು, ಉಳಿದದ್ದು ಹಳೇ ಪ್ರೆಶರ್ ಕುಕ್ಕರಿಗೆ ಹೋಯಿತು. ಮೊದಲ ದಿನ ನಾನು ತರಬೇತಿಗೆ ಹೋದದ್ದನ್ನು ನೋಡಿದವರು ಯಾರೋ ಕೇಟರಿಂಗಿನವರು ಬಂದರು ಅಂದುಕೊಂಡಿರಬೇಕು. ಗೇಟಿನ ಸೆಕ್ಯುರಿಟಿಯವನು "ಅಡುಗೆಮನೆ ಹಿಂದ್ಗಡೆ ಮೇಡಂ" ಅಂದ.

ತರಬೇತಿ ಕೊಡುವವಳು ಅನುಪಮಾ ಎಂಬ ಹುಡುಗಿ. ಚಿಕ್ಕ ವಯಸ್ಸು, ಚುರುಕು ಕಣ್ಣು, ನಗು ಕಡಿಮೆ. ಅಕ್ಕಪಕ್ಕದವರ ಪರಿಚಯ ಮಾಡಿಕೊಳ್ಳೋಣ ಎಂದು ನಾನು ಬಲಕ್ಕೆ ತಿರುಗುವಷ್ಟರಲ್ಲಿ ಪರದೆಯ ಮೇಲೆ ಪ್ರಶ್ನೆ ಮೂಡಿಸಿಯೇಬಿಟ್ಟಳು. ಅಭ್ಯಾಸಕ್ಕೆಂದು ಅವಳು ಆರಿಸಿಕೊಂಡಿದ್ದ ಪ್ರಶ್ನೆ ಇದು: ಒಂಟಿಯಾಗಿರುವ ಹಿರಿಯರಿಗೆ ಆಗಾಗ ಫೋನ್ ಮಾಡಿ ಮಾತಾಡಿಸಿದರೆ ಅವರ ಒಂಟಿತನ ಕಡಿಮೆಯಾಗುತ್ತದೆಯೇ?

ನಾನು ತಕ್ಷಣ ಕೈ ಎತ್ತಿದೆ. "ಆಗುತ್ತೆ."

"ಉತ್ತರ ಈಗ್ಲೇ ಬೇಡ ಮೇಡಂ," ಅಂದಳು ಅನುಪಮಾ. "ಹುಡುಕೋದು ಹೇಗೆ ಅಂತ ನೋಡೋಣ. ಒಂದೇ ವಿಷಯಾನ ಒಬ್ಬೊಬ್ಬರು ಒಂದೊಂದು ಪದದಲ್ಲಿ ಬರೆದಿರ್ತಾರೆ. ಎಲ್ಲಾ ಪದಗಳನ್ನೂ ಹಾಕಿದ್ರೇನೆ ಎಲ್ಲಾ ಅಧ್ಯಯನ ಸಿಗೋದು. ಮೊದಲು ಒಂಟಿತನ. ಅದಕ್ಕೆ ಬೇರೆ ಪದಗಳು ಹೇಳಿ. ಕನ್ನಡದಲ್ಲೇ ಹೇಳಿ ಪರವಾಗಿಲ್ಲ, ಆಮೇಲೆ ಇಂಗ್ಲಿಷ್ ಮಾಡೋಣ. ಎಷ್ಟು ಜಾಸ್ತಿ ಆದ್ರೆ ಅಷ್ಟು ಒಳ್ಳೇದು."

ಎಷ್ಟು ಜಾಸ್ತಿ ಆದರೆ ಅಷ್ಟು ಒಳ್ಳೆಯದು! ಹೀಗೆ ಹೇಳುವ ಮೊದಲು ಅವಳು ಎದುರಿಗಿರುವವರು ಯಾರು ಎಂದು ವಿಚಾರಿಸಿಕೊಳ್ಳಬೇಕಿತ್ತು.

ಯಾರೋ "ಏಕಾಂಗಿತನ" ಅಂದರು. ಇನ್ಯಾರೋ "ಸಾಮಾಜಿಕ ಪ್ರತ್ಯೇಕತೆ" ಅಂದರು. ಅಷ್ಟಕ್ಕೇ ಸಭೆ ಬತ್ತಿಹೋಯಿತು. ನಾನು ಎದ್ದು ನಿಂತೆ.

"ಒಬ್ಬಂಟಿತನ. ಒಂಟಿ ವಾಸ. ಯಾರೂ ಇಲ್ಲದಿರುವುದು. ಎಲ್ಲರೂ ಇದ್ದು ಯಾರೂ ಇಲ್ಲದಿರುವುದು."

"ವೆರಿ ಗುಡ್ ಮೇಡಂ," ಎನ್ನುತ್ತಾ ಅನುಪಮಾ ಟೈಪ್ ಮಾಡುತ್ತಿದ್ದಳು. ಆ 'ವೆರಿ ಗುಡ್' ನನ್ನ ತಲೆಗೇರಿತು.

"ಒಬ್ಬರಿಗೇ ಅನ್ನಕ್ಕೆ ಇಡೋದು. ಮಿಕ್ಕಿದ್ದನ್ನ ಮಾರನೇ ದಿನ ಚಿತ್ರಾನ್ನ ಮಾಡೋದು. ಚಿತ್ರಾನ್ನಾನೂ ಮಿಗೋದು. ನೋಡದೇ ಇದ್ರೂ ಟೀವಿ ಹಾಕಿಡೋದು. ರಾಂಗ್ ನಂಬರ್ ಬಂದ್ರೆ ಬೇಗ ಇಡದೇ ಇರೋದು. ಭಾನುವಾರ ಸಂಜೆ ತನಕ ಮಾತೇ ಆಡದೆ, ತರಕಾರಿ ಗಾಡಿಯವನ ಹತ್ರ ಮೊದಲನೇ ಸಲ ಬಾಯಿ ಬಿಟ್ಟಾಗ ಗಂಟಲು ಕಟ್ಕೊಂಡಿರೋದು..."

ಟೈಪಿಂಗ್ ಸದ್ದು ಯಾವಾಗಲೋ ನಿಂತಿತ್ತು. ಹಾಲಿನಲ್ಲಿ ಫ್ಯಾನಿನ ಸದ್ದು ಮಾತ್ರ. ಲೈಬ್ರೇರಿಯನ್‌ಗಳು ತುಂಬಿದ ಹಾಲ್. ನಿಶ್ಶಬ್ದ ನಮಗೆ ಹೊಸದಲ್ಲ. ಆದರೆ ಇದು ಬೇರೆ ಥರದ್ದಿತ್ತು.

"ಮೇಡಂ," ಅಂದಳು ಅನುಪಮಾ ಮೆಲ್ಲಗೆ, "ಅದೆಲ್ಲಾ ಡೇಟಾಬೇಸಲ್ಲಿ ಸಿಗಲ್ಲ."

"ಸಿಗಲ್ವಾ?"

"ಇಲ್ಲ ಮೇಡಂ."

"ಹಾಗಾದ್ರೆ ಅದು ಪೂರ್ತಿ ಇಲ್ಲ," ಎಂದು ಗಂಭೀರವಾಗಿ ತೀರ್ಪು ಕೊಟ್ಟು ಕೂತೆ. ಹಿಂದಿನ ಸಾಲಿನಿಂದ ಯಾರೋ ನೀರಿನ ಬಾಟಲಿ ಕೊಟ್ಟರು. ಬೇಡ ಅನ್ನಲು ಮನಸ್ಸಾಗಲಿಲ್ಲ, ಕುಡಿದೆ.

ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂರಿಸಿದರು. ಎರಡು ಪುಟ್ಟ ಪದಗಳಲ್ಲಿ ಈ ವಿದ್ಯೆಯ ಗುಟ್ಟೆಲ್ಲ ಇದೆಯಂತೆ: 'ಆಂಡ್' ಮತ್ತು 'ಆರ್'. ಒಂಟಿತನ ಆಂಡ್ ಫೋನ್ ಎಂದು ಕೊಟ್ಟರೆ ಎರಡೂ ಇರುವ ಲೇಖನಗಳು ಮಾತ್ರ ಬರುತ್ತವೆ. ಒಂಟಿತನ ಆರ್ ಫೋನ್ ಎಂದರೆ ಯಾವುದಾದರೂ ಒಂದು ಇದ್ದರೂ ಸಾಕು, ಬಂದುಬಿಡುತ್ತದೆ. ಒಂದೂ ಬಿಡಬಾರದು ಎಂದು ಡಾಕ್ಟರ್ ಹರೀಶ್ ಹೇಳಿದ್ದು ನೆನಪಿತ್ತು. ಹಾಗಾಗಿ ಉದಾರವಾಗಿ ಎಲ್ಲ ಕಡೆಯೂ 'ಆರ್' ಹಾಕಿದೆ.

ಬಂದವು ನೋಡಿ! ಜಗತ್ತಿನಲ್ಲಿ ಫೋನ್ ಎಂಬ ಪದ ಉಚ್ಚರಿಸಿದ ಪ್ರತಿಯೊಬ್ಬ ವಿಜ್ಞಾನಿಯೂ ಯಶವಂತಪುರಕ್ಕೆ ಬಂದು ಸಾಲಾಗಿ ನಿಂತ. ಫೋನ್ ಮತ್ತು ಕತ್ತು ನೋವು. ಫೋನ್ ಮತ್ತು ರಸ್ತೆ ಅಪಘಾತ. ಫೋನ್ ಮತ್ತು ಮಕ್ಕಳ ಕಣ್ಣು. ಫೋನಿನ ಮೇಲೆ ಇರುವ ರೋಗಾಣುಗಳು. ಲಕ್ಷಗಟ್ಟಲೆ! ಅಷ್ಟನ್ನೂ ಇಳಿಸಿಕೊಳ್ಳಲು ಗುಂಡಿ ಒತ್ತಿದೆ. ನನ್ನ ಕಂಪ್ಯೂಟರ್ ನಿಂತಿತು. ಪಕ್ಕದ್ದು ನಿಂತಿತು. ಆಮೇಲೆ ಇಡೀ ಹಾಲಿನ ಇಂಟರ್ನೆಟ್ ನಿಂತಿತು.

"ಯಾರು ಏನ್ ಮಾಡಿದ್ರಿ?" ಎಂದು ಅನುಪಮಾ ಓಡಿಬಂದಳು.

ನಾನು ನಿಪ್ಪಟ್ಟಿನ ಡಬ್ಬಿ ತೆರೆದೆ. ಸಂದರ್ಭಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಹೊಳೆಯಲಿಲ್ಲ.

ಇಂಟರ್ನೆಟ್ ಬರುವವರೆಗೆ ಎಲ್ಲರೂ ನಿಪ್ಪಟ್ಟು ತಿಂದರು. ಆಗ ಪರಿಚಯವಾದವರು ಗಾಯತ್ರಿ, ಆರ್.ಟಿ. ನಗರದ ಒಂದು ಡೆಂಟಲ್ ಕಾಲೇಜಿನ ಲೈಬ್ರೇರಿಯನ್. ನನ್ನದೇ ವಯಸ್ಸು.

"ಎಷ್ಟು ಗರಿಗರಿಯಾಗಿದೆ ಕಣ್ರೀ! ಎಲ್ಲಿ ತಗೊಂಡ್ರಿ?"

"ನಾನೇ ಮಾಡಿದ್ದು."

"ಅಯ್ಯೋ, ನಮ್ಮನೇಲಿ ಇಂಥದ್ದೆಲ್ಲ ಮಾಡಿದ್ರೆ ಡಬ್ಬಿಗೆ ಹಾಕೋಕೆ ಮುಂಚೇನೇ ಖಾಲಿ. ಅತ್ತೆ, ಮಾವ, ಮೈದುನ, ಅವನ ಮಕ್ಕಳು... ಒಂದ್ ಗಳಿಗೆ ಒಬ್ಳೇ ಕೂರೋಣ ಅಂದ್ರೆ ಬಾತ್‌ರೂಮೇ ಗತಿ!"

ಅವರು ಗೋಳು ಹೇಳಿಕೊಳ್ಳುತ್ತಿದ್ದರು. ನಾನು ಹಸಿದವಳು ಹೋಟೆಲಿನ ಬೋರ್ಡು ಓದುವ ಹಾಗೆ ಕೇಳುತ್ತಿದ್ದೆ. ಇವರನ್ನು ಬಿಡಬಾರದು ಎಂದು ಆಗಲೇ ನಿಶ್ಚಯಿಸಿದೆ.

ಸಂಜೆ ಬಸ್ ಸ್ಟಾಪಿನಲ್ಲಿ ಗಾಯತ್ರಿಯವರ ಬಸ್ಸು ಮೊದಲು ಬಂತು. "ನೀವೂ ಇದೇ ಕಡೆನಾ?" ಎಂದು ಕೇಳಿದರು.

ನನ್ನ ಮನೆ ಸಂಪೂರ್ಣವಾಗಿ ಬೇರೆ ಕಡೆ. "ಹೂಂ, ಆ ಕಡೇನೇ," ಎಂದು ಹತ್ತಿದೆ!

ಅಕ್ಕಪಕ್ಕ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಮಾತಾಡಬಹುದು ಎಂದುಕೊಂಡೆ. ಅವರೂ ಮಾತಾಡಿದರು, ಫೋನಿನಲ್ಲಿ. ಮಗಳ ಮದುವೆ ಗೊತ್ತಾಗಿತ್ತಂತೆ. ಛತ್ರದವನು, ಸೀರೆಯವಳು, ಬೀಗಿತ್ತಿ, ಬೀಗಿತ್ತಿಯ ತಂಗಿ ಎಲ್ಲರೂ ಸರದಿಯಲ್ಲಿ ಬಂದರು. ಗಂಗಾನಗರದಲ್ಲಿ ಇಬ್ಬರೂ ಇಳಿದೆವು. ಅವರು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, "ನಿಮ್ಮ ಮನೆ ಯಾವ ಕ್ರಾಸು?" ಎಂದರು. ನಾನು ಕೈ ಬೀಸಿ ಸುಮಾರಾಗಿ ಅರ್ಧ ಊರನ್ನು ತೋರಿಸಿದೆ. ಅವರು ತಲೆಯಾಡಿಸಿ ಹೋದರು. ನಾನು ಹೆಬ್ಬಾಳಕ್ಕೆ ಬಂದು, ಫ್ಲೈಓವರ್ ಕೆಳಗೆ ಬಸ್ಸಿಗೆ ಕಾದು, ಅದರಿಂದಿಳಿದು ಇನ್ನೊಂದು ಹಿಡಿದು ಮನೆ ಸೇರಿದೆ. ಸ್ನೇಹಕ್ಕೆ ಇಷ್ಟಾದರೂ ಮಾಡಬೇಡವೇ?

ಎರಡನೆಯ ದಿನ ಜರಡಿ ಹಿಡಿಯುವ ಪಾಠ. ಅನುಪಮಾ ಹೇಳಿದಳು: "ಸಿಕ್ಕಿದ ಪ್ರತಿ ಲೇಖನವನ್ನೂ ಇಬ್ಬರು ಓದ್ಬೇಕು. ಬೇಕು ಅನ್ಸಿದ್ರೆ ಹಸಿರು ಗುಂಡಿ, ಬೇಡ ಅನ್ಸಿದ್ರೆ ಕೆಂಪು. ಈಗ ಎಲ್ರೂ ಜೋಡಿ ಆಗಿ."

ಜೋಡಿ! ನಾನು ಕುರ್ಚಿ ಸಮೇತ ಗಾಯತ್ರಿಯವರ ಪಕ್ಕಕ್ಕೆ ಹಾರಿದೆ.

"ಆದ್ರೆ," ಎಂದಳು ಅನುಪಮಾ, "ಜೋಡಿಯಲ್ಲಿರೋರು ಒಬ್ಬರ ಜೊತೆ ಒಬ್ಬರು ಮಾತಾಡಬಾರದು. ಒಂದು ಮಾತೂ ಆಡಬಾರದು. ಇನ್ನೊಬ್ಬರ ಸ್ಕ್ರೀನ್ ನೋಡಬಾರದು. ಒಬ್ಬರ ಅಭಿಪ್ರಾಯದ ನೆರಳು ಇನ್ನೊಬ್ಬರ ಮೇಲೆ ಬೀಳಬಾರದು. ಅದೇ ಈ ವಿಧಾನದ ಜೀವಾಳ."

ಮನೆಯಲ್ಲಿ ಮಾತಿಲ್ಲ ಎಂದು ಎರಡು ಬಸ್ಸು ಬದಲಾಯಿಸಿ ಇಲ್ಲಿಗೆ ಬಂದರೆ, ಮಾತಾಡದಿರುವುದೇ ಇಲ್ಲಿನ ಪಠ್ಯ! ನಮ್ಮಿಬ್ಬರ ನಡುವೆ ಒಂದು ಥರ್ಮೋಕೋಲ್ ಹಾಳೆ ನಿಲ್ಲಿಸಿದರು. ಆಚೆಯಿಂದ ಗಾಯತ್ರಿಯವರ ಮುಡಿಯ ಮಲ್ಲಿಗೆ ಮಾತ್ರ ಕಾಣುತ್ತಿತ್ತು.

ಓದತೊಡಗಿದೆ. ಮೊದಲನೆಯದಕ್ಕೇ ಸಂದೇಹ ಬಂತು. ಹಸಿರೋ ಕೆಂಪೋ? ಲೇಖನದ ಬಗ್ಗೆ ನನಗೆ ಅಷ್ಟು ಚಿಂತೆಯಿರಲಿಲ್ಲ. ಅವರು ಹಸಿರು ಒತ್ತಿ ನಾನು ಕೆಂಪು ಒತ್ತಿದರೆ? ನಿನ್ನೆ ತಾನೇ ಆದ ಸ್ನೇಹ, ಇವತ್ತೇ ಭಿನ್ನಾಭಿಪ್ರಾಯವೇ? ಹೀಗೆ ಯೋಚಿಸುತ್ತಿರುವಾಗ ಗಾಯತ್ರಿಯವರ ಹಿಂದಿದ್ದ ಗಾಜಿನ ಬೀರು ಕಣ್ಣಿಗೆ ಬಿತ್ತು. ಅದರಲ್ಲಿ ಅವರ ಪರದೆಯ ಪ್ರತಿಬಿಂಬ ಚೊಕ್ಕವಾಗಿ ಮೂಡಿತ್ತು. ಅಕ್ಷರ ಕಾಣುತ್ತಿರಲಿಲ್ಲ. ಬಣ್ಣ ಕಾಣುತ್ತಿತ್ತು.

ನಾನು ನೋಡಲಿಲ್ಲ. ಕಣ್ಣುಗಳು ನೋಡಿದವು.

ಅವರು ಹಸಿರು ಒತ್ತಿದರೆ ನಾನು ಹಸಿರು. ಅವರು ಕೆಂಪು, ನಾನು ಕೆಂಪು. ಎಷ್ಟು ಹಿತವಾಗಿತ್ತು ಗೊತ್ತೇ! ಹಸಿರು, ಕೆಂಪು, ಹಸಿರು, ಕೆಂಪು. ಬಾಯಿಬಿಡದೆ ಒಬ್ಬರೊಡನೆ ಇಷ್ಟೊಂದು ಒಮ್ಮತ ನನ್ನ ಜೀವನದಲ್ಲಿ ಆಗಿರಲಿಲ್ಲ. ಲೇಖನಗಳನ್ನು ಓದುವ ಗೊಡವೆಯನ್ನೇ ಬಿಟ್ಟೆ. ಗಾಯತ್ರಿಯವರು ಎಷ್ಟು ಬೇಗ, ಎಷ್ಟು ನಿಶ್ಚಿತವಾಗಿ ನಿರ್ಧರಿಸುತ್ತಾರಲ್ಲ ಎಂದು ಮೆಚ್ಚಿಕೊಂಡೆ.

ಊಟಕ್ಕೆ ಮುಂಚೆ ಫಲಿತಾಂಶ ಪರದೆಯ ಮೇಲೆ ಬಂತು. ಎಲ್ಲ ಜೋಡಿಗಳಲ್ಲೂ ಅಲ್ಲಲ್ಲಿ ಭಿನ್ನಾಭಿಪ್ರಾಯ. ನಮ್ಮಲ್ಲಿ ಒಂದೂ ಇಲ್ಲ! ಚಪ್ಪಾಳೆ ಬಿತ್ತು. ನಾನು ಅರ್ಧ ಎದ್ದು ಕೈ ಮುಗಿದೆ.

ಅನುಪಮಾ ಚಪ್ಪಾಳೆ ತಟ್ಟಲಿಲ್ಲ. "ಇದು ಸಾಧ್ಯಾನೇ ಇಲ್ವಲ್ಲ," ಎನ್ನುತ್ತಾ ನಾವು ಆರಿಸಿದ ಲೇಖನಗಳ ಹೆಸರು ಓದತೊಡಗಿದಳು. ಮೂರನೆಯದಕ್ಕೆ ನಿಂತಳು. "ಕೋಳಿ ಸಾಕಣೆಯಲ್ಲಿ ಮೊಬೈಲ್ ಫೋನ್ ಬಳಕೆ. ಇದನ್ನ ಇಬ್ಬರೂ ಬೇಕು ಅಂದಿದ್ದೀರಾ. ಯಾಕೆ ಅಂತ ಕೇಳಬಹುದಾ?"

ಗಾಯತ್ರಿಯವರು ನನ್ನತ್ತ ನೋಡಿದರು. ಸ್ನೇಹವನ್ನು ಕಾಪಾಡುವ ಹೊಣೆ ನನ್ನ ಮೇಲೆ ಬಿತ್ತು.

"ಕೋಳಿ ಸಾಕೋರು ಊರಾಚೆ ಫಾರಂನಲ್ಲಿ ಒಬ್ಬೊಬ್ಬರೇ ಇರ್ತಾರೆ," ಅಂದೆ. "ಅವರಿಗೂ ಯಾರಾದ್ರೂ ಫೋನ್ ಮಾಡ್ಬೇಕಲ್ವಾ?"

ಹಾಲ್ ಬಿದ್ದು ಬಿದ್ದು ನಕ್ಕಿತು. ಗಾಯತ್ರಿಯವರೇ ಎಲ್ಲರಿಗಿಂತ ಜೋರಾಗಿ ನಕ್ಕು, ಕಣ್ಣು ಒರೆಸಿಕೊಳ್ಳುತ್ತಾ ನಿಜ ಹೇಳಿಬಿಟ್ಟರು. "ಸಾರಿ ಮೇಡಂ. ನಾನು ಒಂದೂ ಓದ್ಲಿಲ್ಲ. ಛತ್ರದವನು ಮೆಸೇಜ್ ಮೇಲೆ ಮೆಸೇಜ್ ಹಾಕ್ತಿದ್ದ. ಸುಮ್ನೆ ಒಂದು ಹಸಿರು, ಒಂದು ಕೆಂಪು ಅಂತ ಒತ್ಕೊಂಡು ಹೋದೆ. ಆದ್ರೆ ಇವ್ರದ್ದೂ ಹಂಗೇ ಹೆಂಗೆ ಬಂತು?"

ನಗು ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಗಾಜಿನ ಬೀರುವಿನ ಕಡೆ ನೋಡಿದೆ. ನೋಡಬಾರದಿತ್ತು. ಎಲ್ಲರೂ ಅದರ ಕಡೆ ನೋಡಿದರು.

ಅನುಪಮಾ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಇಬ್ಬರಲ್ಲಿ ಒಬ್ಬರು ತಪ್ಪು ಮಾಡಿದ್ರೆ ಇನ್ನೊಬ್ಬರಿಂದ ಗೊತ್ತಾಗುತ್ತೆ ಮೇಡಂ. ಇಬ್ಬರೂ ಒಂದೇ ತಪ್ಪು ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ. ರೋಗಿಗೆ ಹೋಗೋ ಔಷಧಿ ಕೊನೆಗೆ ಇದರ ಮೇಲೇ ನಿಂತಿರುತ್ತೆ," ಎಂದಷ್ಟೇ ಹೇಳಿದಳು. ಆಮೇಲೆ ನನ್ನನ್ನು ಜೋಡಿಯಿಂದ ಬಿಡಿಸಿದಳು. ಮಧ್ಯಾಹ್ನಕ್ಕೆ ನನಗೆ ಬೇರೆ ಕೆಲಸ. ಜೋಡಿಗಳಲ್ಲಿ ಭಿನ್ನಾಭಿಪ್ರಾಯ ಬಂದಾಗ ಇಬ್ಬರ ವಾದವನ್ನೂ ಕೇಳಿ ತೀರ್ಪು ಕೊಡುವ ಮೂರನೆಯವರು ಒಬ್ಬರು ಬೇಕಂತೆ. ಆ ಮೂರನೆಯವಳು ನಾನು. ನನಗೊಂದು ಮೇಜು, ಮೂಲೆಯಲ್ಲಿ.

ಶಿಕ್ಷೆ ಎಂದೇ ತಿಳಿದು ಹೋಗಿ ಕೂತೆ. ಕೂತ ಸ್ವಲ್ಪ ಹೊತ್ತಿಗೆ ಇಬ್ಬರು ಜಗಳವಾಡುತ್ತಾ ಬಂದರು. "ಮೇಡಂ, ನೀವೇ ಹೇಳಿ, ಇದು ಬೇಕಾ ಬೇಡವಾ?" ಅವರ ಹಿಂದೆ ಇನ್ನಿಬ್ಬರು. ಅವರ ಹಿಂದೆ ಮತ್ತಿಬ್ಬರು. ನನ್ನ ಮೇಜಿನ ಮುಂದೆ ಸಾಲು! ಸಣ್ಣ ಡಬ್ಬಿ ತೆರೆದೆ. "ಕೂತ್ಕೊಳ್ಳಿ, ಒಂದು ನಿಪ್ಪಟ್ಟು ತಗೊಳ್ಳಿ. ಏನ್ ಸಮಾಚಾರ, ಮೊದಲಿಂದ ಹೇಳಿ."

ಅವರು ಹೇಳಿದರು. ನಾನು ಕೇಳಿದೆ. ಯಾವ ಊರು, ಮನೆಯಲ್ಲಿ ಯಾರ್ಯಾರು, ಮೊಣಕಾಲು ನೋವಿಗೆ ಏನು ಮಾಡುತ್ತೀರಿ, ಎಲ್ಲವನ್ನೂ ವಿಚಾರಿಸಿದೆ. ತೀರ್ಪು ಕೊಟ್ಟರೆ ಅವರು ಎದ್ದು ಹೋಗುತ್ತಾರೆ ಎಂಬ ಸೂಕ್ಷ್ಮ ನನಗೆ ಬಹಳ ಬೇಗ ಹೊಳೆಯಿತು. ಹಾಗಾಗಿ ಯಾರಿಗೂ ಕೊಡಲಿಲ್ಲ! "ಇಬ್ಬರದ್ದೂ ಸರಿ ಅನ್ಸುತ್ತೆ, ಇನ್ನೊಂದ್ ಸಲ ಹೇಳಿ" ಎನ್ನುತ್ತಾ ಸಂಜೆ ಮಾಡಿದೆ. ಸಣ್ಣ ಡಬ್ಬಿ ಮುಗಿದು ಕುಕ್ಕರ್ ತೆರೆಯಿತು. ಆ ಮಧ್ಯಾಹ್ನದಷ್ಟು ಸುಖವಾಗಿ ನಾನು ಇತ್ತೀಚೆಗೆ ಯಾವತ್ತೂ ಇರಲಿಲ್ಲ.

ಅನುಪಮಾ ಲೆಕ್ಕ ತೆಗೆದು ನೋಡಿ ಬಂದಳು. "ಮೇಡಂ, ಒಂದಕ್ಕೂ ತೀರ್ಪು ಕೊಟ್ಟಿಲ್ವಾ?"

"ಅವಸರ ಮಾಡಬಾರದು ಅನ್ನಿಸ್ತು."

"ಬೆಳಿಗ್ಗೆ ಭಿನ್ನಾಭಿಪ್ರಾಯಾನೇ ಇರ್ಲಿಲ್ಲ. ಈಗ ಭಿನ್ನಾಭಿಪ್ರಾಯ ಬಿಟ್ಟು ಬೇರೇನೂ ಇಲ್ಲ!" ಎಂದು ಆ ಹುಡುಗಿ ಕುರ್ಚಿಗೆ ಕುಸಿದಳು. ಕೊನೆಯ ನಿಪ್ಪಟ್ಟನ್ನು ಅವಳಿಗೇ ಕೊಟ್ಟೆ. ತಿಂದಳು. ಬೇರೆ ದಾರಿಯಿರಲಿಲ್ಲ.

ಅವತ್ತು ಸಂಜೆ ಗಾಯತ್ರಿಯವರು ಆಟೋದಲ್ಲಿ ಹೋದರು. ಸೀರೆ ಅಂಗಡಿಗೆ ಅವಸರವಿತ್ತಂತೆ. ನಾನು ನನ್ನ ಬಸ್ಸೇ ಹಿಡಿದೆ.

ಮೂರನೆಯ ದಿನ ಪರೀಕ್ಷೆ. ಪ್ರತಿಯೊಬ್ಬರಿಗೂ ಬೇರೆ ಪ್ರಶ್ನೆ, ಬೇರೆ ಮೂಲೆ. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಫೇಲಾದರೆ ಗಾಜಿನ ತೂತಿನ ಹಿಂದಿನ ಕೌಂಟರು. ಅಲ್ಲಿ ದಿನವಿಡೀ ಜನ ಬರುತ್ತಾರೆ, ನಿಜ. ಆದರೆ ಅವರಿಗೆ ಬೇಕಾದದ್ದು ರಸೀದಿ. ಅದನ್ನು ನೆನೆದು ಹಠ ಬಂತು. ಪದಗಳನ್ನು ಒಂದೊಂದಾಗಿ ಬರೆದುಕೊಂಡೆ. ಎಲ್ಲಿ ಆಂಡ್, ಎಲ್ಲಿ ಆರ್ ಎಂದು ತಾಳ್ಮೆಯಿಂದ ಜೋಡಿಸಿದೆ. ತಪ್ಪಾಯಿತು, ಅಳಿಸಿದೆ, ಮತ್ತೆ ಜೋಡಿಸಿದೆ. ಯಾರ ಕಡೆಗೂ ತಿರುಗಲಿಲ್ಲ. ಊಟಕ್ಕೆ ಕರೆದದ್ದೂ ಕೇಳಲಿಲ್ಲ.

ಸಂಜೆ ಅನುಪಮಾ ನನ್ನ ಹುಡುಕಾಟವನ್ನು ಎರಡು ಸಲ ನೋಡಿದಳು. ಮೊದಲ ಬಾರಿ ಅವಳ ಮುಖದಲ್ಲಿ ನಗು ಕಂಡಿತು. "ತುಂಬಾ ಚೆನ್ನಾಗಿದೆ ಮೇಡಂ! ಸಿಗಬೇಕಾದ ಒಂದು ಲೇಖನಾನೂ ತಪ್ಪಿಲ್ಲ. ನಿಜ ಹೇಳ್ಲಾ? ನೀವು ಒಬ್ರೇ ಇದ್ದಾಗ ಎಷ್ಟು ಚೆನ್ನಾಗಿ ಕೆಲಸ ಮಾಡ್ತೀರಾ!"

ಆ ಹೊಗಳಿಕೆಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ನನಗೆ ತಿಳಿಯಲಿಲ್ಲ. "ಥ್ಯಾಂಕ್ಸಮ್ಮ" ಅಂದೆ. ಅದನ್ನೇ ಅವಳು ನಮ್ಮ ಕಾಲೇಜಿಗೂ ಇಮೇಲಿನಲ್ಲಿ ಬರೆದು ಕಳಿಸಿದಳು: ಸ್ವತಂತ್ರವಾಗಿ, ಏಕಾಗ್ರತೆಯಿಂದ ಕೆಲಸ ಮಾಡಬಲ್ಲರು. ಒಂಟಿಯಾಗಿ ಬಿಟ್ಟರೆ ಅತ್ಯುತ್ತಮ ಫಲಿತಾಂಶ.

ಡಾಕ್ಟರ್ ಹರೀಶ್ ಇಮೇಲ್ ನೋಡಿ ಹಿರಿಹಿರಿ ಹಿಗ್ಗಿದರು. ಪ್ರಿನ್ಸಿಪಾಲರನ್ನು ಕಂಡು ಮಾತಾಡಿದರು. ಅಡ್ಮಿಷನ್ ಕೌಂಟರಿನ ಗಂಡಾಂತರ ತಪ್ಪಿತು. ನಾನು ಇನ್ನು ಸಂಶೋಧನಾ ಸಹಾಯಕ ಲೈಬ್ರೇರಿಯನ್! ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಅವರು ಒಳ್ಳೆಯ ಮನುಷ್ಯರು.

"ನಿಮಗೆ ಒಂದು ಪ್ರತ್ಯೇಕ ರೂಮ್ ಮಾಡಿಸಿದ್ದೀನಿ ಮೇಡಂ, ಮೂರನೇ ಮಹಡಿ ತುದಿಯಲ್ಲಿ," ಎಂದು ಕರೆದುಕೊಂಡು ಹೋದರು. ಹೊಸ ಮೇಜು, ಹೊಸ ಕಂಪ್ಯೂಟರು, ಎಸಿ. ಬಾಗಿಲಿಗೊಂದು ಇಟ್ಟಿಗೆ ಒರಗಿಸಿ ತೆರೆದಿಟ್ಟಿದ್ದರು. "ಆ ಚಾರ್ಜರ್ ಹುಡುಗರ ಕಾಟಾನೂ ಇರಲ್ಲ. ಏನೇ ಇದ್ರೂ ನಾನು ಇಮೇಲಲ್ಲೇ ಕಳಿಸ್ತೀನಿ. ಯಾರೂ ನಿಮ್ಮ ತಂಟೆಗೆ ಬರಲ್ಲ." ಹೋಗುವಾಗ ಎಸಿ ತಂಪು ಆಚೆ ಹೋಗಬಾರದೆಂದು ಇಟ್ಟಿಗೆ ಸರಿಸಿ ಬಾಗಿಲು ಎಳೆದುಕೊಂಡು ಹೋದರು. ಡಬ್ ಎಂದು ಮುಚ್ಚಿಕೊಂಡಿತು.

ಸ್ವಲ್ಪ ಹೊತ್ತು ಕೂತೆ. ಚಾರ್ಜರ್ ಹುಡುಗರು ನೆನಪಾದರು. 'ಮೇಡಂ, ಇಲ್ಲಿ ಕರೆಂಟ್ ಬರ್ತಿಲ್ಲ' ಎಂದಾದರೂ ಅನ್ನುತ್ತಿದ್ದರು. ಎದ್ದುಹೋಗಿ ಬಾಗಿಲು ತಳ್ಳಿದೆ. ತೆರೆಯಲಿಲ್ಲ. ಭುಜ ಕೊಟ್ಟು ತಳ್ಳಿದೆ. ಊಹೂಂ! ಲಾಕ್ ಹಿಡಿದುಕೊಂಡಿದೆ ಎಂದು ಖಾತ್ರಿಯಾಗಿ ಕೆಳಗೆ ರಿಸೆಪ್ಷನ್ನಿಗೆ ಫೋನ್ ಮಾಡಿದೆ.

ಮೊದಲು ಸೆಕ್ಯುರಿಟಿಯವರು ಬಂದರು. ಆಮೇಲೆ ಬಡಗಿ ಬಂದ. ವಾರ್ಡಿಗೆ ಹೋಗುತ್ತಿದ್ದ ನರ್ಸುಗಳು ನಿಂತರು. ಚಾರ್ಜರ್ ಹುಡುಗರು ಕಿವಿಯ ಬೀಜ ತೆಗೆದು ಓಡಿಬಂದರು. ಎಲ್ಲರೂ ಬಾಗಿಲಿಗೆ ಬಾಯಿ ಹಚ್ಚಿ ಕೇಳುವವರೇ.

"ಮೇಡಂ, ಹುಷಾರಾಗಿದ್ದೀರಾ?"

"ಹುಷಾರಾಗಿದ್ದೀನಪ್ಪ!"

"ಉಸಿರು ಕಟ್ತಿದೆಯಾ ಮೇಡಂ?"

"ಇಲ್ಲ, ಎಸಿ ಇದೆ!"

"ಬಾಗಿಲು ಒಡೆದುಬಿಡೋಣ್ವಾ?"

"ಬೇಡ, ಬೇಡ! ಆ ಕಡೆಯಿಂದ ಯಾರೂ ತಳ್ಳಬೇಡಿ, ನಾನು ಬಾಗಿಲಿಗೆ ಅಂಟ್ಕೊಂಡೇ ನಿಂತಿದ್ದೀನಿ. ನಿಧಾನಕ್ಕೆ ಮಾಡಿ, ನನಗೇನೂ ಅವಸರ ಇಲ್ಲ."

ಬಡಗಿ ಲಾಕಿನ ಒಂದೊಂದೇ ಸ್ಕ್ರೂ ಬಿಚ್ಚತೊಡಗಿದ. ಅಷ್ಟು ಹೊತ್ತೂ ಆಚೆಯಿಂದ ನನ್ನ ಜೊತೆ ಯಾರಾದರೊಬ್ಬರು ಮಾತಾಡುತ್ತಲೇ ಇದ್ದರು. ಒಬ್ಬ ನರ್ಸಮ್ಮ ಊಟ ಆಯಿತಾ ಎಂದು ಕೇಳಿದಳು. ಒಬ್ಬ ಹುಡುಗ, ತಾನು ಒಮ್ಮೆ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ ಕಥೆಯನ್ನು ಧೈರ್ಯಕ್ಕೆಂದು ಹೇಳಿದ. ನಾನು ಬಾಗಿಲಿಗೆ ಕೆನ್ನೆ ಆನಿಸಿ ಎಲ್ಲರಿಗೂ ಉತ್ತರ ಕೊಟ್ಟೆ. ಬಡಗಿಯ ಕೈ ಸ್ವಲ್ಪ ನಿಧಾನವಿರಲಿ ಎಂದು ಬೇಡಿಕೊಂಡೆ, ಅದೂ ನಿಜ.

ಅಷ್ಟರಲ್ಲಿ ಡಾಕ್ಟರ್ ಹರೀಶ್ ಓಡೋಡಿ ಬಂದ ಸದ್ದಾಯಿತು. "ಮೇಡಂ, ಸ್ವಲ್ಪ ಹಿಂದೆ ಸರೀರಿ," ಅಂದರು. ಸರಿದೆ. ಅವರು ಹ್ಯಾಂಡಲ್ ತಿರುಗಿಸಿ ಒಂದು ಬೆರಳಿನಲ್ಲಿ ತಳ್ಳಿದರು. ಬಾಗಿಲು ಒಳಕ್ಕೆ ತೆರೆದುಕೊಂಡಿತು.

ಬಡಗಿ ಕೈಯಲ್ಲಿದ್ದ ಸ್ಕ್ರೂಗಳನ್ನು ನೋಡಿಕೊಂಡ.

"ಒಳಗಿಂದ ಎಳೀಬೇಕು ಮೇಡಂ," ಅಂದರು ಡಾಕ್ಟರು, ಆದಷ್ಟು ಮೃದುವಾಗಿ.

ಜನ ಚದುರಿದರು. ನರ್ಸುಗಳ ನಗು ಮೆಟ್ಟಿಲಿಳಿಯುತ್ತಾ ಹೋಗುವುದು ಬಹಳ ಹೊತ್ತು ಕೇಳಿಸಿತು. ಬಡಗಿ ಸ್ಕ್ರೂಗಳನ್ನು ಮತ್ತೆ ಹಾಕಿ, ಬಾಗಿಲು ಎಳೆದುಕೊಂಡು ಹೋದ. ನಾನು ಹೊಸ ಮೇಜಿನ ಮುಂದೆ ಕೂತು ಆ ಬಾಗಿಲನ್ನೇ ನೋಡಿದೆ.

ಈಗ ಅದನ್ನು ತೆರೆಯುವುದು ಹೇಗೆ ಎಂದು ನನಗೆ ಗೊತ್ತಾಗಿಬಿಟ್ಟಿತ್ತು. ಇನ್ನು ಯಾವ ನೆಪ ಹೇಳಿ ಅಷ್ಟು ಜನರನ್ನು ಕರೆಯಲಿ?